ನೀರಿನಂತೆ ಖರ್ಚು ಮಾಡಿದ ಬಾಚಲೆ

ಕಲ್ಲುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ತುಂಬೆಗಿರಿ ಎಂಬ ರಾಜ್ಯದಲ್ಲಿ, ನೀರುಗಂಟಿಗಳ ಮನೆತನವೊಂದಿತ್ತು. ಕೆರೆಯ ತೂಬು ತೆರೆದು ಊರಿನ ಗದ್ದೆಗಳಿಗೆ ನೀರು ಹಂಚುವುದು ಅವರ ಕೆಲಸ. ಏಳು ತಲೆಮಾರಿನಲ್ಲಿ ಒಬ್ಬರೂ ತಮ್ಮ ಗದ್ದೆಗೆ ಮೊದಲು ನೀರು ಬಿಟ್ಟುಕೊಂಡವರಲ್ಲ, ಒಬ್ಬರೂ ಸುಳ್ಳಾಡಿದವರಲ್ಲ, ಒಬ್ಬರೂ ನಿಂತುಕೊಂಡು ಉಂಡವರಲ್ಲ. ಆ ಮನೆಯ ಯಜಮಾನಿಯೇ ಬಾಚಲೆ.

ಕೆಲವು ವರ್ಷಗಳಿಂದ ಕೆರೆ ತುಂಬುತ್ತಿರಲಿಲ್ಲ. ಮಳೆ ಸುರಿದರೂ ನೀರು ಬೋಳುಗುಡ್ಡದ ಮಣ್ಣನ್ನು ಎಳೆದುಕೊಂಡು ಓಡಿಬಿಡುತ್ತಿತ್ತು. ಬಾಚಲೆ ಅರಸನ ಸಭೆಗೆ ಹೋದಳು.

"ಮಹಾಪ್ರಭು, ಕೆಲಸ ಗುಡ್ಡದ ನೆತ್ತಿಯಿಂದ ಶುರುವಾಗಬೇಕು. ಮೇಲೆ ಗಿಡ, ಇಳಿಜಾರಿಗೆ ಬದು, ಹಳ್ಳಕ್ಕೆ ಒಡ್ಡು, ಕೆರೆಯ ಹೂಳು ಕಡೆಗೆ. ಭಂಡಾರದಿಂದ ಹೊನ್ನು ಕೊಡಿಸಿ."

"ಕೊಟ್ಟರೆ ಹೇಗೆ ಖರ್ಚು ಮಾಡುತ್ತೀಯೆ?" ಎಂದು ದುಗ್ಗರಸ ಕೇಳಿದ.

"ನೀರಿನಂತೆ."

ಸಭೆ ಘೊಳ್ಳೆಂದು ನಕ್ಕಿತು. ಅರಸ ಹೊಟ್ಟೆ ಹಿಡಿದುಕೊಂಡು, "ಕೇಳಿದಿರಾ! ಇವಳ ಅಜ್ಜಿ ಹೀಗೇ ಕೆರೆ ಬರಿದು ಮಾಡಿರಬೇಕು. ದುಂದುಗಾರರ ಮನೆತನ!" ಎಂದ.

ಬಾಚಲೆಯ ಕಿವಿ ಕೆಂಪಾಯಿತು. ಸೆರಗು ಸರಿಮಾಡಿಕೊಂಡು ನೇರವಾಗಿ ಭಂಡಾರಕ್ಕೆ ನಡೆದಳು.

ಭಂಡಾರ ಕಾಯುತ್ತಿದ್ದವನು ಶುಷ್ಕಪಾದನೆಂಬ ಮಾಂತ್ರಿಕ. ಅವನು ಕಾಲಿಟ್ಟ ನೆಲದ ಪಸೆ ಆರುತ್ತಿತ್ತು. ದಿನವೂ ಅವನು ಗುಡ್ಡದ ಮೇಲೇ ತಿರುಗಾಡುತ್ತಿದ್ದ.

"ಒಂದು ಗಿಂಡಿ ನೀರು ಹಿಡಿದು ಭಂಡಾರದ ಮೂರು ಬಾಗಿಲು ದಾಟು. ದಾಟಿದರೆ ಹೊನ್ನು ನಿನ್ನದು. ನಡುವೆ ಗಿಂಡಿ ಬರಿದಾದರೆ ನೀನು ಕಲ್ಲಾಗುತ್ತೀಯೆ, ತೂಬು ನನ್ನದಾಗುತ್ತದೆ" ಎಂದ. ಬಾಚಲೆ ಒಪ್ಪಿದಳು.

ಮೊದಲ ಬಾಗಿಲಲ್ಲಿ ಸಿಂಹವಿತ್ತು. "ಬಾಯಾರಿದೆ ತಾಯಿ!" ಎಂದಿತು. ಬಿರಿದ ಅದರ ನಾಲಗೆ ನೋಡಿ ಬಾಚಲೆ ಅದರೆದುರು ಕುಳಿತಳು. ಅಂಗೈ ತುಂಬ ನೀರು ಕುಡಿಸಿದಳು.

"ಇಷ್ಟೇನಾ? ಎಂಥ ಜಿಪುಣಿಯಮ್ಮ ನೀನು! ಹಿಂದೆ ಬಂದ ರಾಜಕುಮಾರ ಗಿಂಡಿಯನ್ನೇ ಬಗ್ಗಿಸಿದ."

"ಅವನೆಲ್ಲಿ ಈಗ?"

ಮೂಲೆಯಲ್ಲಿ ಕಲ್ಲಾಗಿ ನಿಂತಿದ್ದವನನ್ನು ನೋಡಿ ಸಿಂಹ ತಲೆ ತಗ್ಗಿಸಿತು.

"ನಿನ್ನ ಹಿಂದೆಯೂ ಬಾಯಾರಿದವರಿದ್ದಾರೆ. ಬಾಯೊರೆಸಿಕೊ, ದಾರಿ ಬಿಡು" ಎಂದಳು ಬಾಚಲೆ. ಸಿಂಹ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಆನೆಯಿತ್ತು. ಅದಕ್ಕೂ ಅಷ್ಟೇ ನೀರು. "ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!" ಎಂದು ಆನೆ ಗೊಣಗಿತು.

"ಹೊಟ್ಟೆಗಲ್ಲಪ್ಪ, ಗಂಟಲಿಗೆ. ಹೊಟ್ಟೆಗೆ ಬೇಕಾದರೆ ಕೆರೆ ತುಂಬಲಿ, ಬಾ." ಆನೆ ನಕ್ಕು ಪಕ್ಕಕ್ಕೆ ಸರಿಯಿತು.

ಮೂರನೆಯ ಬಾಗಿಲಿಗೆ ಶುಷ್ಕಪಾದನೇ ಅಡ್ಡ ನಿಂತಿದ್ದ. ಗಿಂಡಿಯಲ್ಲಿ ನೀರಿರುವುದನ್ನು ಕಂಡು ಅವನ ಮುಖ ಕಪ್ಪಿಟ್ಟಿತು. "ಇದೇನು? ನೀರಿನಂತೆ ಖರ್ಚು ಮಾಡುವವಳಲ್ಲವೇ ನೀನು?"

"ನಮ್ಮ ಮನೆಯಲ್ಲಿ ನೀರಿನಂತೆ ಎಂದರೆ ಕೊನೆಯ ಗದ್ದೆಗೂ ಮುಟ್ಟುವಂತೆ. ಇಲ್ಲಿ ಕೊನೆಯವರು ನೀವು. ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ."

ಹಾಗೆಂದು ಅವನ ಪಾದಗಳ ಮೇಲೆ ನೀರು ಹುಯ್ದಳು. ಒಣಪಾದ ನೆನೆಯಿತು. ಮಾಂತ್ರಿಕ ಚೀರುತ್ತ ಮೊಣಕಾಲಿನವರೆಗೆ, ಸೊಂಟದವರೆಗೆ, ಆಮೇಲೆ ಪೂರ್ತಿಯಾಗಿ ನೆಲದಲ್ಲಿ ಇಂಗಿಹೋದ. ಅಲ್ಲೊಂದು ಊಟೆ ಚಿಮ್ಮಿತು. ಗಿಂಡಿಯ ತಳದಲ್ಲಿ ಇನ್ನೂ ಒಂದು ಗುಟುಕು ನೀರಿತ್ತು. ಕಲ್ಲಾಗಿದ್ದವರೆಲ್ಲ ಆಕಳಿಸಿ ಎದ್ದರು.

ಹೊನ್ನು ಗುಡ್ಡದ ನೆತ್ತಿಗೆ ಹೋಯಿತು. ಗಿಡ ಬೇರೂರಿತು, ಬದು ಎದ್ದಿತು, ಆನೆ ಒಡ್ಡಿಗೆ ಕಲ್ಲು ಹೊತ್ತಿತು. ಮರುಮಳೆಗೆ ಕೆರೆ ಕೋಡಿ ಬಿತ್ತು. ಕಟ್ಟಕಡೆಯ ಗದ್ದೆಯವನೂ ಸಣ್ಣಕ್ಕಿಯ ಅನ್ನ ಉಂಡ. ತುಂಬೆಗಿರಿ ಸುಖವಾಗಿತ್ತು.

ಅರಸ ಪಲ್ಲಕ್ಕಿ ಕಳಿಸಿದ. ಬಾಚಲೆ ನಡೆದೇ ಬಂದಳು. ಅವನು ಮುತ್ತಿನ ಹಾರ ಹಿಡಿದು ಎದ್ದು ನಿಂತ. "ಏನು ಬೇಕು ಕೇಳು ತಾಯಿ. ಹಾರವೋ, ಊರೋ, ಬಿರುದೋ?"

ಬಾಚಲೆ ಹಾರದತ್ತ ನೋಡಲೂ ಇಲ್ಲ.

"ನನ್ನ ಅಜ್ಜಿಯನ್ನು ದುಂದುಗಾರ್ತಿ ಎಂದಿರಿ. ಸಭೆ ಇದೇ, ಜನರೂ ಇವರೇ. ಕ್ಷಮೆ ಕೇಳಿ."