ದಾನಮ್ಮ ಕತ್ತರಿಸಿದ ಕೊಂಡಿಗಳು

"ಬಿಡ್ರಿ! ಹರೀತೈತಿ!"

"ನೀವ ಬಿಡ್ರಿ! ಮೊದಲ ಕೈ ಹಚ್ಚಿದಾಂವ ನಾ!"

ಪರ್ರ್...

ಬಾಗಲಕೋಟೆ ಬಸ್‌ಸ್ಟ್ಯಾಂಡಿನ ಗೋಡೆಯಿಂದ ಎದ್ದು ಬಂದ ಕುಸ್ತಿ ಪೋಸ್ಟರು ಎರಡು ತುಂಡಾಯಿತು. ಪೈಲ್ವಾನನ ಮೀಸೆ, ಎದೆ ದಾನಮ್ಮನ ಕೈಯಲ್ಲಿ. ಕಾಲೆರಡೂ ಆ ಹುಡುಗನ ಕೈಯಲ್ಲಿ!

ಕೆರೂರಿನ ದಾನಮ್ಮನಿಗೆ ಅಳುವೇ ಬಂತು. ವಿದ್ಯಾಗಿರಿಯ ಚಿತ್ರಕಲಾ ಕಾಲೇಜು ಸೇರಿದ ಮೊದಲ ವಾರವೇ ಅವಳು ಕಣ್ಣಿಟ್ಟಿದ್ದ ಕಾಗದ ಅದು. ಬಿಸಿಲಿಗೆ ಮಾಸಿ, ಅಡಿಯಲ್ಲಿದ್ದ ಹಳೆಯ ನಾಟಕದ ಪೋಸ್ಟರಿನ ಕೆಂಪು ಅಲ್ಲಲ್ಲಿ ಇಣುಕುತ್ತಿತ್ತು. ಅಂಥ ಬಣ್ಣ ಅಂಗಡಿಯಲ್ಲಿ ಸಿಗುತ್ತದೆಯೇ?

"ಬರೇ ಕಾಲು ತಗೊಂಡು ಏನ್ ಮಾಡ್ತೀರಿ?"

"ಓಡಿ ಹೋಗ್ತೇನಿ," ಅಂದ. ಓಡಿಯೂ ಹೋದ!

ಮರುದಿನ ತರಗತಿಯಲ್ಲಿ, ಪಕ್ಕದ ಮೇಜಿನ ಮೇಲೆ ಅವೇ ಕಾಲುಗಳು. ಅವುಗಳ ಹಿಂದೆ ಅವನೇ. ಹೆಸರು ಯುವರಾಜ, ಊರು ಇಳಕಲ್, ಮನೆಯಲ್ಲಿ ಮಗ್ಗ.

ಜಗಳವಾಡುತ್ತಲೇ ಇಬ್ಬರೂ ಕೂಡಿ ಕಸ ಹೆಕ್ಕತೊಡಗಿದರು. ಬಸ್ ಟಿಕೆಟು, ಮದುವೆ ಕಾರ್ಡು, ಐಹೊಳೆಯ ಹಾದಿಯ ಕೆಂಪು ಮಣ್ಣು... ಸಿಕ್ಕಿದ್ದೆಲ್ಲ ಕೊಲಾಜಿಗೆ. 'ನೀವು' ಯಾವಾಗ 'ನೀ' ಆಯಿತೋ ಇಬ್ಬರಿಗೂ ನೆನಪಿಲ್ಲ.

ದಾನಮ್ಮನದೊಂದು ಸ್ವಭಾವ. ಇಷ್ಟವಾದದ್ದನ್ನು ಅವಳು ಪೆಟ್ಟಿಗೆಯಲ್ಲಿ ಬಚ್ಚಿಡುವವಳಲ್ಲ, ಅಂಟಿಸಿಬಿಡುವಳು. ಅಂಟಿಸಿದರೇ ಅದು ತನ್ನದು.

ವರ್ಷದ ಕೊನೆಯ ಪ್ರದರ್ಶನ ಹತ್ತಿರ ಬಂದಾಗ ಯುವರಾಜ ಊರಿಗೆ ಹೋಗಿ ಬಂದ. ಅಂಗೈಯಗಲದ ಕೆಂಪು ರೇಷ್ಮೆ ಸೆರಗೊಂದನ್ನು ಅವಳ ಮುಂದಿಟ್ಟ. ಅದರ ಒಂದು ತುದಿಯಲ್ಲಿ ಎಳೆಗಳು ಪುಟ್ಟ ಪುಟ್ಟ ಕುಣಿಕೆಗಳಾಗಿ ಜೋತಾಡುತ್ತಿದ್ದವು.

"ನಾನ ನೇದೇನಿ. ಮುಂದಿಂದು ನಿನ್ನ ಕೈಯಾಗ ಐತಿ," ಎಂದವನ ಕಿವಿ ಕೆಂಪಾಗಿತ್ತು. ಅವಳ ಉತ್ತರಕ್ಕೂ ಕಾಯದೆ ಹೊರಟೇಬಿಟ್ಟ.

ನನಗಾಗಿ ನೇದಾನ! ದಾನಮ್ಮನ ಎದೆ ಡವಡವ ಅಂದಿತು. ಪ್ರದರ್ಶನಕ್ಕೆಂದು ಮಾಡುತ್ತಿದ್ದ ದೊಡ್ಡ ಕೊಲಾಜಿನಲ್ಲಿ, ಜೋಪಾನ ಮಾಡಿಟ್ಟಿದ್ದ ಪೈಲ್ವಾನನ ಎದೆಯ ನಟ್ಟನಡುವೆ ಅದಕ್ಕೊಂದು ಜಾಗ ಮಾಡಿದಳು. ತುದಿಯ ಕುಣಿಕೆಗಳು ಅಡ್ಡಾದಿಡ್ಡಿ ಕಂಡವು. ಚೆಂದ ಕಾಣಲೆಂದು ಅವನ್ನು ನೀಟಾಗಿ ಕತ್ತರಿಸಿ, ಅಂಟಿಸಿದಳು.

ಮರುದಿನ ಯುವರಾಜ ನೋಡಿದ. ಕತ್ತರಿಸಿದ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದ.

"ತಿಳೀತು," ಅಂದ. ಅಷ್ಟೇ. ತನ್ನ ಮೇಜನ್ನು ದೂರದ ಕಿಟಕಿಯ ಬಳಿಗೆ ಎಳೆದುಕೊಂಡು ಹೋದ.

ಏನು ತಿಳೀತು? ನನ್ನ ಕೆಲಸ ಅಷ್ಟು ಕೆಟ್ಟದೈತೇನು?

"ಅಳೋದು ಬಿಟ್ಟು ಹೋಗಿ ಕೇಳ," ಅಂದಳು ಗೆಳತಿ ರೂಬಿ. "ಇಲ್ಲಾಂದ್ರ ನಾ ಹೋಗಿ ಹೊಡದ ಬರ್ತೇನಿ!"

ರವಿವಾರ ದಾನಮ್ಮ ಇಳಕಲ್ ಬಸ್ಸು ಹತ್ತಿದಳು. ಹುನಗುಂದ ದಾಟುವವರೆಗೂ ಬೈಗುಳಗಳನ್ನು ಬಾಯಿಪಾಠ ಮಾಡಿಕೊಂಡಳು. ಮನೆಯಲ್ಲಿ ಯುವರಾಜನಿರಲಿಲ್ಲ. ಅವನ ತಾಯಿ ಸತ್ಯವ್ವ ಮಗ್ಗದ ಬಳಿ ಕುಳಿತು, ಕೆಂಪು ಎಳೆಯ ಕುಣಿಕೆಯೊಳಗೆ ಹಸಿರು ಎಳೆಯ ಕುಣಿಕೆ ಸಿಗಿಸುತ್ತಿದ್ದರು.

"ಇದೇನ್ರಿ ಅತ್ತಿ?"

"ಕೊಂಡಿ ಅವ್ವ. ನಮ್ಮಲ್ಲಿ ಸೆರಗಿನ ಎಳಿ ಬ್ಯಾರೆ, ಸೀರಿ ಮೈಯ ಎಳಿ ಬ್ಯಾರೆ. ಹಿಂಗ ಕೊಂಡಿ ಹಾಕಿದ್ರನ ಎರಡೂ ಕೂಡಿ ಒಂದ ಸೀರಿ. ನಮ್ಮ ಯುವರಾಜಂದು ಕೇಳಿಲ್ಲಿ! ಸಣ್ಣದೊಂದು ಸೆರಗು ನೇದು ಕೊಂಡಿ ಹಂಗ ಬಿಟ್ಟ. ಇದರ ಮೈ ಎಲ್ಲೈತಿ ಅಂತ ಕೇಳಿದೆ. 'ಅದನ್ನ ತರಾಕಿ ಬ್ಯಾರೆ ಅದಾಳವ್ವ' ಅಂದ!"

ದಾನಮ್ಮ ಕುಂತಲ್ಲೇ ಬೆವರಿದಳು.

ಅಯ್ಯೋ ದೇವರೇ... ನಾ ಕತ್ತರಿಲೆ ಅವಂಗ ಒಲ್ಲೆ ಅಂದಂಗಾತಲ್ಲ!

"ಎಲ್ಲಿ ಓಡ್ತೀಯವ್ವ? ಚಾ ಆರತೈತಿ!" ಎಂದು ಸತ್ಯವ್ವ ಕೂಗುವಷ್ಟರಲ್ಲಿ ಅವಳು ಓಣಿಯ ತಿರುವಿನಲ್ಲಿದ್ದಳು. ಹೊರಟದ್ದು ಬಾಗಲಕೋಟೆಗಲ್ಲ, ನೇರ ತನ್ನೂರು ಕೆರೂರಿಗೆ.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಯುವರಾಜ ದೂರದ ಮೂಲೆಯಲ್ಲಿ ತನ್ನ ಚಿತ್ರದ ಪಕ್ಕ ಕಂಬದಂತೆ ನಿಂತಿದ್ದ. ದಾನಮ್ಮ ತನ್ನ ಕೊಲಾಜನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿದಳು. ಸೆರಗಿನ ಕತ್ತರಿಸಿದ ತುದಿಯನ್ನು ಮೆಲ್ಲಗೆ ಎಬ್ಬಿಸತೊಡಗಿದಳು.

"ಏ ಹುಚ್ಚಿ! ಬಹುಮಾನ ಕೊಡೋ ಮಂದಿ ಬರೋ ಹೊತ್ತು!" ಅಧ್ಯಾಪಕರು ಗಾಬರಿಯಾದರು.

"ಬರ್ಲಿ ಬಿಡ್ರಿ ಸರ್. ಇದಿನ್ನೂ ಮುಗದಿಲ್ಲ... ಯುವರಾಜ! ಬಾ ಇಲ್ಲಿ!"

ಸಭಾಂಗಣವೆಲ್ಲ ತಿರುಗಿ ನೋಡಿತು. ಅವನು ಬಂದ, ಮುಖ ಗಂಟು ಹಾಕಿಕೊಂಡೇ.

ಅವಳು ಅಡ್ಡದ ನೂಲನ್ನು ಒಂದೊಂದಾಗಿ ಬಿಚ್ಚಿದಳು. ಉದ್ದದ ಕೆಂಪು ಎಳೆಗಳು ಬಿಡಿಯಾದವು. ಒಂದನ್ನು ಮಡಚಿ ಕುಣಿಕೆ ಮಾಡಿ, ಚೀಲದಿಂದ ಊರಿಂದ ತಂದ ಕರಿ ಎಳೆಗಳ ಕಟ್ಟು ತೆಗೆದಳು. ಬೀರಪ್ಪನ ಗುಡಿಗೆ ಹೋಗುವಾಗ ಅವಳಪ್ಪ ಹೊದೆಯುತ್ತಿದ್ದ ಕಂಬಳಿಯ ಎಳೆಗಳವು.

"ಮೈ ತಂದೇನಿ," ಅಂದಳು. "ಕೊಂಡಿ ಅಂದ್ರೇನಂತ ನನಗ ಗೊತ್ತಿರಲಿಲ್ಲೋ... ಚೊಲೋ ಕಾಣಲಿ ಅಂತ ಕತ್ತರಿಸಿದೆ."

"ಅಂದ್ರ... ಒಲ್ಲೆ ಅಂದಿದ್ದಲ್ಲ?"

"ಒಲ್ಲೆ ಅನ್ನಾಕ ಅರ್ಧ ಡಬ್ಬಿ ಅಂಟು ಯಾರ ಸುರೀತಾರಲೇ!"

ಯುವರಾಜ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು ಅವಳೆದುರು ನೆಲದ ಮೇಲೆ ಕುಳಿತ. ಅವಳು ಕೆಂಪು ಕುಣಿಕೆ ಹಿಡಿದಳು, ಅವನು ಅದರೊಳಗೆ ಕರಿ ಕುಣಿಕೆ ಸಿಗಿಸಿದ. ಬಹುಮಾನದ ಮಂದಿ ಬಂದು ಸುತ್ತ ನಿಂತರು. ಇಬ್ಬರೂ ತಲೆಯೆತ್ತಲಿಲ್ಲ.

"ಕಂಬಳಿ ದಪ್ಪ, ರೇಷ್ಮಿ ಸಣ್ಣ. ಹೊಂದತೈತೇನು?" ಮೆಲ್ಲಗೆ ಕೇಳಿದಳು.

"ಹೊಂದದ್ದನ್ನ ಹೊಂದಸಾಕ ಅಲ್ಲೇನು ಇಷ್ಟ ದಿನ ಕಲ್ತಿದ್ದು?"

ಆಮೇಲೆ ಅವನು ಅಂಗಿಯ ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ಬಿಡಿಸಿದ. ಪೈಲ್ವಾನನ ಕಾಲುಗಳು!

"ಇನ್ನೂ ಇಟ್ಟೀಯೇನು?"

"ತಲಿ ನಿನ್ನ ಹತ್ರ ಇತ್ತಲ್ಲ. ಒಂದಲ್ಲಾ ಒಂದಿನ ಕೇಳ್ಕೋತ ಬರ್ತಿ ಅಂತ."

"ಕೊಡಿಲ್ಲಿ."

"ಅಂಟಿಸ್ತೀಯೇನು?"

"ಗಟ್ಟಿಯಾಗಿ ಅಂಟಿಸ್ತೇನಿ," ಅಂದಳು ದಾನಮ್ಮ, ಅವನ ಕೈ ಬಿಡದೆ. "ಮತ್ತ ಓಡಿ ಹೋಗಬಾರದು, ನೋಡು!"