ಹುತ್ತಕ್ಕೆರೆದ ಅರಿಶಿನ

ಸಿಂಗಪಟ್ಟಣದ ಹೊನ್ನಿನ ಕಲಶಗಳೂ ರತ್ನದಂಗಡಿಗಳೂ ಪರದೇಶದ ವರ್ತಕರ ಕಣ್ಣು ಕುಕ್ಕುತ್ತಿದ್ದುದು ನಿಜ. ಆದರೆ ಆ ವೈಭವವೆಲ್ಲ ಬದುಕಿದ್ದುದು ಊರ ಪಡುವಣಕ್ಕೆ ಮಲಗಿದ್ದ ಒಂದು ಮುದಿ ಮಣ್ಣಿನ ಏರಿಯ ಕೃಪೆಯಿಂದ. ಹೊಳೆಯ ನೆರೆಯನ್ನು ತಡೆಯಲೆಂದು ಅರಸನ ಮುತ್ತಜ್ಜ ಕಟ್ಟಿಸಿದ್ದ ಆ ಏರಿಯ ನೆತ್ತಿಯಲ್ಲಿ ಈಗ ಹುತ್ತಗಳೆದ್ದಿದ್ದವು. ರಾಜಮಾತೆ ಲಕುಮಾದೇವಿ ಅವಕ್ಕೆ ಭಕ್ತಿಯಿಂದ ನಾಗಪೂಜೆ ಸಲ್ಲಿಸುತ್ತಿದ್ದಳು.

ಹುತ್ತಗಳು ಏರಿಯನ್ನು ಒಳಗೇ ಟೊಳ್ಳಾಗಿಸುತ್ತಿವೆ, ಅವನ್ನು ಅಗೆದು ಜೇಡಿಮಣ್ಣು ತುಂಬಿಸಬೇಕೆಂದು ಬಿನ್ನವಿಸಿದ ದಿನದಿಂದ ವೃದ್ಧಮಂತ್ರಿ ದೇಕರಸನ ಪಾಲಿಗೆ ಅರಮನೆಯ ಗಾಳಿಯೇ ಬದಲಾಯಿತು. ಅವನು ಬಂದರೆ ಮಾತು ನಿಲ್ಲುತ್ತಿತ್ತು, ಹೊರಟರೆ ಬೆನ್ನ ಹಿಂದೆ ಹೆಜ್ಜೆಸಪ್ಪಳ ಕೇಳುತ್ತಿತ್ತು. ಊಟ ಬಡಿಸುವವನ ಮುಖವನ್ನೂ ಅವನು ಎರಡು ಸಲ ನೋಡತೊಡಗಿದನು. ಮಂತ್ರಿಪದವಿಯ ಮೇಲೆ ಕಣ್ಣಿಟ್ಟಿದ್ದ ದಂಡನಾಯಕ ನಾಕಿಮಯ್ಯ ತರುಣ ಅರಸನ ಕಿವಿಯೂದಿದ್ದನು.

ಕೊನೆಗೆ ಆ ಚಾಡಿ ತುಂಬಿದ ಸಭೆಗೇ ಬಂದಿತು. “ಪ್ರಭು, ಹಗೆಯ ದಂಡು ಗಡಿಯಲ್ಲಿರುವಾಗ, ಮಳೆ ತಲೆಯ ಮೇಲಿರುವಾಗ, ಏರಿಯನ್ನು ಅಗೆಯಿರೆನ್ನುವವರು ಯಾರ ಉಪ್ಪು ತಿಂದವರು?” ಎಂದನು ನಾಕಿಮಯ್ಯ.

ರಾಜದ್ರೋಹಕ್ಕೆ ಶೂಲವೇ ಶಿಕ್ಷೆ. ಅರಸನನ್ನು ಎಳವೆಯಲ್ಲಿ ಎತ್ತಿ ಆಡಿಸಿದ ಕೈಗಳಿಗೆ ಸರಪಳಿ ಬಿದ್ದಿತು. ಅರಸನು ತನ್ನನ್ನು ಕಣ್ಣೆತ್ತಿ ನೋಡಲಿಲ್ಲವೆಂಬುದೇ ದೇಕರಸನಿಗೆ ಸಾವಿಗಿಂತ ಹೆಚ್ಚು ನೋವಾಯಿತು.

“ಒಂದೇ ಬಿನ್ನಹ, ತಾಯಿ,” ಎಂದನು ರಾಜಮಾತೆಗೆ. “ನಾಳಿನ ಪೂಜೆಯಲ್ಲಿ ಹುತ್ತಕ್ಕೆ ಅರಿಶಿನದ ನೀರನ್ನು ಧಾರಾಳವಾಗಿ ಎರೆಯಿರಿ. ನಾನೂ ಅರಸರೂ ಕೆಳಗೆ, ಊರ ಕಡೆಯ ಬುಡದಲ್ಲಿ ನಿಂತಿರುತ್ತೇವೆ. ಏರಿ ಗಟ್ಟಿಯಾಗಿದ್ದರೆ ನೀರು ಅಲ್ಲೇ ಇಂಗುತ್ತದೆ. ಆಗ ನನ್ನನ್ನು ಶೂಲಕ್ಕೇರಿಸಬಹುದು.”

“ಇದರಲ್ಲೂ ಏನು ಕಪಟವಿದೆಯೋ,” ಎನ್ನುತ್ತಲೇ ಅವಳು ಒಪ್ಪಿದಳು.

ಮರುದಿನ ಭಕ್ತಿ ಮೆರೆಸುವುದರಲ್ಲಿ ನಾಕಿಮಯ್ಯ ಹಿಂದೆ ಬೀಳಲಿಲ್ಲ. ತಾನೇ ಅರಿಶಿನ ಕದಡಿ, ಕೊಡದ ಮೇಲೆ ಕೊಡ ಹೊತ್ತು ತಂದು ಸುರಿದನು. ಹುತ್ತ ಅಷ್ಟನ್ನೂ ಕುಡಿಯಿತು. ಕೆಳಗೆ ಅರಸನು ನೆಲವನ್ನು ಬಿಟ್ಟು ಮಂತ್ರಿಯನ್ನೇ ಸಂಶಯದಿಂದ ನೋಡುತ್ತಿದ್ದನು. ಬಹಳ ಹೊತ್ತು ಏನೂ ಆಗಲಿಲ್ಲ. ದೇಕರಸನ ಎದೆಯೇ ಅಳುಕಿತು. ಆಮೇಲೆ ಹುಲ್ಲಿನ ಬುಡ ಒದ್ದೆಯಾಯಿತು. ಹಳದಿ ನೀರಿನ ಎಳೆಯೊಂದು ಏರಿಯ ಮಣ್ಣನ್ನೂ ಕೊಚ್ಚಿಕೊಂಡು ಹೊರಬಂದು ಅರಸನ ಪಾದರಕ್ಷೆಯನ್ನು ತೋಯಿಸಿತು.

ಅರಸನು ಹಿಂದಿರುಗಿ ಊರ ಮಾಳಿಗೆಗಳನ್ನು ನೋಡಿದನು.

ಮೇಲಿನಿಂದ ಇಳಿದುಬಂದ ರಾಜಮಾತೆಯ ಕಣ್ಣು ತುಂಬಿತ್ತು. “ನಾಗರಾಯನ ಕ್ಷಮೆಯನ್ನು ಬೇಡಿಕೊಂಡೇನು, ದೇಕರಸರೇ. ನಿಮ್ಮ ಕ್ಷಮೆಯನ್ನು ಯಾವ ಮುಖದಿಂದ ಬೇಡಲಿ?”

ಅರಸನು ಸರಪಳಿಯನ್ನು ತಾನೇ ಬಿಚ್ಚಲು ಬಾಗಿದನು. ದೇಕರಸನ ದೃಷ್ಟಿ ಪಡುವಣ ಬೆಟ್ಟದ ಮೋಡಗಳ ಮೇಲಿತ್ತು.

“ಇದನ್ನು ಆಮೇಲೆ ಬಿಚ್ಚಬಹುದು, ಪ್ರಭು. ಮೊದಲು ಗುದ್ದಲಿಗಳನ್ನು ತರಿಸಿರಿ.”

ಮೊದಲ ಗುದ್ದಲಿಯನ್ನು ಅರಸನು ನಾಕಿಮಯ್ಯನ ಕೈಗಿತ್ತನು. ಆ ಅಂಗೈಗಳಲ್ಲಿ ಅರಿಶಿನ ಇನ್ನೂ ಆರಿರಲಿಲ್ಲ.