ಸುಣ್ಣ ಕಾಣದ ಬಿರುಕು

ಏಣಿ ಹೋಯಿತು!

ನಾನು ಮಾಳಿಗೆಯ ಮೇಲೆ. ಕೈಯಲ್ಲಿ ಅಳತೆ ಟೇಪು. ಕೆಳಗೆ ಲಕ್ಕಪ್ಪ... ಅವನ ಹೆಗಲ ಮೇಲೆ ನನ್ನ ಏಣಿ.

"ಸಾಹೇಬ್ರ, ನಾಲ್ಕರ ತನಕ ಅಲ್ಲೇ ಕುಂದರ್ರಿ. ಗಾಳಿ ಚಲೋ ಐತಿ!"

"ಏಣಿ ಇಡು ಲೇ!"

"ಇಡ್ತೇನ್ರಿ... ಮನಿ ಕಿಮ್ಮತ್ತು ತೊಂಬತ್ತು ಸಾವಿರ ಅಂತ ಬರಕೊಟ್ರ."

1998. ಗೋಕಾಕದ ಹಳೇ ಪೇಟೆ. ನಾನು ವೃಷಭ, ಹುಕ್ಕೇರಿಯವನು. ಮಾರುವ ಮುಂಚೆ ಮನೆಗೆ ಬೆಲೆ ಕಟ್ಟಿ ರಿಪೋರ್ಟ್ ಕೊಡುವುದು ನನ್ನ ಕಸುಬು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಅಂದುಕೊಂಡಿರಾ? ಆ ದಿನ ನನ್ನ ಜೊತೆ ಮಾಳಿಗೆ ಹತ್ತಬೇಕಿತ್ತು ನೀವು!

ಮನೆ ಸುಲ್ತಾನಾಬಿಯದು. ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಅದೊಂದೇ. ಕಾಲು ಮುರಿದುಕೊಂಡು ನಾಲ್ಕು ತಿಂಗಳಿಂದ ಮೂಡಲಗಿಯಲ್ಲಿ ಮಗಳು ಸಮ್ರೀನಳ ಮನೆಯಲ್ಲಿದ್ದಳು. ಕೀಲಿ ಪಕ್ಕದ ಮನೆಯ ಉದ್ದಪ್ಪನ ಕೈಯಲ್ಲಿ. ಈ ಲಕ್ಕಪ್ಪ ಅವನ ಆಳು.

ಆ ಉದ್ದಪ್ಪನೇ ಸುದ್ದಿ ಒಯ್ದಿದ್ದ. ಗೋಡೆಯಲ್ಲಿ ಇಪ್ಪತ್ತು ವರ್ಷದ ಬಿರುಕು, ಆಕೆಯ ಕಣ್ಣಿಗೆ ಬಿದ್ದಿಲ್ಲ ಅಷ್ಟೇ, ಈಗ ಬಾಯಿ ಬಿಟ್ಟಿದೆ, ಪಾಪ ಅಂತ ತಾನೇ ತೊಂಬತ್ತು ಸಾವಿರಕ್ಕೆ ಕೊಳ್ಳುತ್ತಾನಂತೆ! ಅವತ್ತು ನಾಲ್ಕಕ್ಕೆ ಮೂಡಲಗಿಯಲ್ಲಿ ಬಾಂಡ್ ಪೇಪರಿಗೆ ಹೆಬ್ಬೆಟ್ಟು. ಸಮ್ರೀನ ಒಬ್ಬಳೇ ಹಟ ಹಿಡಿದು ನನ್ನನ್ನು ಕಳಿಸಿದ್ದಳು.

ಬಿರುಕು ನೋಡಿಯೇ ಮೇಲೆ ಹತ್ತಿದ್ದೆ. ಅದರ ಅಂಚಿನ ಒಂದು ತುಂಡು ಜೇಬಿನಲ್ಲಿತ್ತು.

ಗಡಿಯಾರ ನೋಡಿದೆ. ಮೂರು ಹತ್ತು!

"ಲಕ್ಕಪ್ಪಾ, ಆ ಬಾಜೂ ಕೆಳಗ ಏನೈತಿ?"

"ನಮ್ಮ ಧಣ್ಯಾರ ತಿಪ್ಪಿರಿ. ಯಾಕ್ರಿ?"

ಹಾರಿದೆ!

ಪಾದ ಕಟಕ್ ಎಂದಿತು. ಕುಂಟುತ್ತಾ ಓಡಿದೆ. ನನ್ನ ಹಳೇ ಬೈಕು ಒಂದೇ ಒದೆತಕ್ಕೆ ಸ್ಟಾರ್ಟ್... ಅದೇ ಮೊದಲು, ಅದೇ ಕೊನೆ!

ಹಿಂದೆ ಲಕ್ಕಪ್ಪನ ಜೀಪು.

ಕಲ್ಲೋಳಿ ಹತ್ತಿರ ಬಂಪರ್ ನನ್ನ ಹಿಂದಿನ ಗಾಲಿಗೆ ತಾಗಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್, ರಸ್ತೆ ತುಂಬ! ಎಡಗಡೆ ಎರಡು ಮೊಳ ಸಂದಿ. ಕಬ್ಬಿನ ಗರಿ ಕೆನ್ನೆ ಕೊಯ್ದಿತು... ದಾಟಿದೆ.

ಜೀಪು ದಾಟಲಿಲ್ಲ. ಅದರ ಹಾರ್ನ್ ಮಾತ್ರ ಬೆನ್ನ ಹಿಂದೆ ಅಳುತ್ತಿತ್ತು.

ಮೂಡಲಗಿ. ನಾಲ್ಕಕ್ಕೆ ಐದು ನಿಮಿಷ. ಸುಲ್ತಾನಾಬಿಯ ಹೆಬ್ಬೆರಳಿಗೆ ಆಗಲೇ ಶಾಯಿ ಹತ್ತಿತ್ತು!

"ತಡೀರಿ ಅವ್ವಾ!"

ಉದ್ದಪ್ಪ ಮೂಗು ಮುಚ್ಚಿಕೊಂಡ. "ಎಂಥಾ ನಾತಾರೀ ಇದು?"

"ನಿಮ್ಮ ತಿಪ್ಪಿದ. ಗುರ್ತು ಸಿಗಲಿಲ್ಲೇನ್ರಿ?"

ತುಂಡನ್ನು ಸುಲ್ತಾನಾಬಿಯ ಅಂಗೈಗೆ ಇಟ್ಟೆ.

"ಮನಿಗೆ ಸುಣ್ಣ ಯಾರು ಹಚ್ತಾರ್ರಿ?"

"ನಾನ. ವರ್ಷಾ ರಮಜಾನಕ್ಕ ಮೊದಲ. ಮೂವತ್ತು ವರ್ಷ ಆತು."

"ಇದರ ಮ್ಯಾಲ ಸುಣ್ಣದ ಪದರ ಅದಾವ ನೋಡ್ರಿ. ಈಗ ಬಿರುಕು ಬಿಟ್ಟ ಕಡಿ ಹೊಳ್ಳಿಸಿ ನೋಡ್ರಿ."

ಹೊರಳಿಸಿದಳು. ಬರೀ ಕೆಂಪು ಮಣ್ಣು. ಒಂದು ಬಿಳಿ ಚುಕ್ಕೆಯೂ ಇಲ್ಲ.

"ಇಪ್ಪತ್ತು ವರ್ಷದ ಬಿರುಕನ್ನ ನಿಮ್ಮ ಕುಂಚ ಬಿಡತಿತ್ತೇನು?"

ಸುಲ್ತಾನಾಬಿ ನಿಧಾನವಾಗಿ ತಲೆಯೆತ್ತಿದಳು. "ಉದ್ದಪ್ಪಾ... ಕೀಲಿ ನಿನ್ನ ಕಡೇನ ಇತ್ತಲ್ಲೋ?"

"ಅದು... ಮೊನ್ನೆ ನೆಲ ಕುಸದು..."

"ಕುಸದ್ರ ಗೋಡಿ ಸಂದು ಹಿಡದು ಸೀಳತೈತಿ," ಎಂದೆ. "ಇದು ಕಲ್ಲನ್ನ ಕಡದೈತಿ. ಉಳಿ ಏಟು ಹನ್ನೊಂದು. ಎಣಿಸೇನಿ!"

ಸುಲ್ತಾನಾಬಿ ಬಾಂಡ್ ಪೇಪರಿಗೆ ಬೆರಳು ಒರೆಸಿದಳು. ಅಡ್ಡಡ್ಡ, ಅಕ್ಷರ ಕಾಣದ ಹಾಗೆ. ಆಮೇಲೆ ಕೈ ಚಾಚಿದಳು.

"ಕೀಲಿ."

ಕೊಟ್ಟ. ಕೊಡದೆ ಏನು ಮಾಡುತ್ತಾನೆ? ಸಮ್ರೀನ ಬಾಗಿಲಿಗೆ ಅಡ್ಡ ನಿಂತಿದ್ದಳು, ಕೈಯಲ್ಲಿ ಒನಕೆ!

ನಾನು ಅಲ್ಲೇ ರಿಪೋರ್ಟ್ ಬರೆದೆ. ಎರಡು ಲಕ್ಷ ಅರವತ್ತು ಸಾವಿರ. ದುರಸ್ತಿ: ಒಂದು ಬುಟ್ಟಿ ಗಾರೆ.

ಸಮ್ರೀನ ದಾರಿ ಬಿಟ್ಟಳು. ಹೊಸ್ತಿಲಲ್ಲಿ ಉದ್ದಪ್ಪ ನನ್ನ ಕಡೆ ತಿರುಗಿದ. ಕಣ್ಣು ಕೆಂಡ.

"ಹುಕ್ಕೇರ್ಯಾಗ ನಿನ್ನ ಮನಿ ಎಲ್ಲೈತಿ, ನನಗ ಗೊತ್ತೈತಿ!"

"ಬರ್ರಿ," ಎಂದೆ. "ಚಾ ಕುಡದು ಹೋಗೀರಂತ. ಚಪ್ಪಲಿ ಜೋಡಿ ಉಳೀನೂ ಹೊರಗ ಬಿಟ್ಟು ಬರ್ರಿ."